ಸರ್ ಕೊಡುತ್ತಿದ್ದ ಫೈನಲ್ ಟಚ್

ಬಲ್ಮಠದ ಗೇಮ್ ಆರ್ಟ್ ತರಗತಿಯಲ್ಲಿ ಮೊದಲ ದಿನ ಎಲ್ಲರೂ ನಕ್ಕಾಗ ನಾನೂ ನಕ್ಕೆ. ಪಕ್ಕದಲ್ಲಿದ್ದ ಪ್ರಜ್ವಲ್ ಶೆಟ್ಟಿ ನನ್ನತ್ತ ಬಾಗಿ, "ನಿಮಗೆ ಎಂತ ಅರ್ಥ ಆಯ್ತು?" ಎಂದ. ಜೋಕು ತುಳುವಿನಲ್ಲಿತ್ತು. ಏನೂ ಇಲ್ಲ ಎಂದೆ.

"ಮತ್ತೆ ಯಾಕೆ ನಗಾಡಿದ್ದು ಮಾರಾಯ್ತಿ? ಜೋಕು ನಿಮ್ಮ ಮೇಲೆಯೇ!"

ಬಾಗಲಕೋಟೆಯಿಂದ ಈ ಕರಾವಳಿಗೆ ಹೊರಡುವಾಗ ಬೇರೆ ರಾಜ್ಯಕ್ಕೇನೂ ಹೋಗುತ್ತಿಲ್ಲವಲ್ಲ ಎಂದುಕೊಂಡಿದ್ದೆ. ಆ ದಿನ ಡೈರಿಯಲ್ಲಿ ಬರೆದೆ: ಜೂನ್, ಸೋಮವಾರ. ಇಂದು ನನ್ನೊಡನೆ ಕನ್ನಡದಲ್ಲಿ ಮಾತಾಡಿದವರು ಮೂವರು. ಮೂವರೂ ಪಾಠ ಓದಿದಂತೆ.

ಕೋಣೆ ಸಿಕ್ಕಿದ್ದು ಕಾವೂರಿನಲ್ಲಿ, ಕೆರೆಯ ಹತ್ತಿರ, ಝೊಹರಾ ಆಂಟಿಯ ಮನೆಯ ಮಹಡಿಯ ಮೇಲೆ. ಅವರ ಗಂಡ ದುಬೈಯಲ್ಲಿದ್ದಾರೆ. ಮನೆಮಾತು ಬ್ಯಾರಿ, ನನಗಾಗಿ ಮಾತ್ರ ಕನ್ನಡ. ಗೇಮ್ ಆರ್ಟ್ ಅಂದರೆ ಮೊಬೈಲ್ ಆಟಗಳೊಳಗಿನ ಮನೆ, ಮರ, ಆಯುಧಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವ ವಿದ್ಯೆ ಎಂದು ಅವರಿಗೆ ವಿವರಿಸಿದೆ. "ಆಟ ಆಡ್ಲಿಕ್ಕೂ ಕಾಲೇಜು ಉಂಟಾ ಮಗಳೇ? ನಮ್ಮ ಹುಡುಗರು ಪುಕ್ಕಟೆ ಕಲ್ತಿದ್ದಾರಲ್ಲ!" ಎಂದು ನಕ್ಕು ಕುಚ್ಚಲಕ್ಕಿ ಅನ್ನ ಬಡಿಸಿದರು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ದಪ್ಪ ಅಕ್ಕಿ ಅದು. ರೊಟ್ಟಿ ಮುರಿದು ತಿಂದು ಬೆಳೆದ ಬಾಯಿಗೆ ಮೊದಮೊದಲು ಸೇರಲಿಲ್ಲ. ದೀಪಾವಳಿಯ ಹೊತ್ತಿಗೆ ಎರಡನೇ ಸಲ ಬಡಿಸಿಕೊಳ್ಳತೊಡಗಿದೆ.

ಕೊನೆಗೂ ಒಗ್ಗದೇ ಉಳಿದದ್ದು ತರಗತಿ. ಸರ್ ಒಂದು ಪೀಪಾಯಿ ಮಾಡಿ ತೋರಿಸುತ್ತಿದ್ದರು, ನಾವೆಲ್ಲ ಅದೇ ಪೀಪಾಯಿ ಮಾಡುತ್ತಿದ್ದೆವು. ಬಳಿಕ ಖಡ್ಗ. ಬಳಿಕ ಯಾವುದೋ ಹಿಮದ ದೇಶದ ಕೋಟೆ. ಊರಲ್ಲಿ ಅಣ್ಣನ ಫ್ಲೆಕ್ಸ್ ಅಂಗಡಿಗೆ ಬಂದವರು ನಾನು ಮಾಡಿದ ಬ್ಯಾನರ್ ನೋಡಿ, "ಮೂಗು ದಪ್ಪಾತು, ನಮ್ಮ ಸಾಹುಕಾರ್ರ ಹಂಗ ಕಾಣವಲ್ರು" ಎಂದು ಮುಖಕ್ಕೇ ಹೇಳಿ ತಿದ್ದಿಸುತ್ತಿದ್ದರು. ಇಲ್ಲಿ ಸರ್ ಎಲ್ಲದಕ್ಕೂ "ಸೂಪರ್" ಎನ್ನುತ್ತಿದ್ದರು. ಅವರ ಸೂಪರ್‌ಗಳನ್ನು ಡೈರಿಯಲ್ಲಿ ಗೀಟು ಹಾಕಿ ಎಣಿಸಿದೆ. ಒಂದು ಪುಟ ತುಂಬಿದ ಮೇಲೆ ಬಿಟ್ಟುಬಿಟ್ಟೆ. 'ತಪ್ಪು' ಎಂಬ ಸಾಲಿನಲ್ಲಿ ಒಂದೂ ಗೀಟಿರಲಿಲ್ಲ.

ಹೆತ್ತವರಿಗಾಗಿ ಪ್ರದರ್ಶನ ಏರ್ಪಡಿಸಿದಾಗಲೆಲ್ಲ, ಹಿಂದಿನ ದಿನ ಸರ್ ಪ್ರತಿಯೊಬ್ಬರ ಕಂಪ್ಯೂಟರಿನೆದುರೂ ಕೂತು 'ಫೈನಲ್ ಟಚ್' ಕೊಡುತ್ತಿದ್ದರು. ಸೊಟ್ಟಗಿದ್ದದ್ದು ನೆಟ್ಟಗಾಗುತ್ತಿತ್ತು, ಎಡದಿಂದ ಹೊಂಬೆಳಕು ಬೀಳುತ್ತಿತ್ತು. ಅದು ಅಲ್ಲಿಯ ಪದ್ಧತಿ. ನಮ್ಮ ಮೂಲ ಕೆಲಸ ಅದರಡಿಯಲ್ಲೇ ಅಳಿಸಿಹೋಗುತ್ತಿತ್ತು.

ಕೋರ್ಸ್ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಮರಳಿ ಅಣ್ಣನ ಅಂಗಡಿಗೆ ಎಂಬುದು ಮನೆಯಲ್ಲಿ ಆಗಿದ್ದ ಮಾತು. ಪ್ರಜ್ವಲನಿಗೇನು, ಅಪ್ಪನ ಹೋಟೆಲಿದೆ. ಏಪ್ರಿಲ್‌ನಲ್ಲಿ ಗೇಮ್ ಸ್ಟುಡಿಯೋ ಒಂದರ ಕಲಾವಿಭಾಗದ ಮುಖ್ಯಸ್ಥೆ ವೀಣಾ ಸಂದರ್ಶನಕ್ಕೆ ಬಂದರು. ಅವರು ನನ್ನ ಕೋಟೆಯನ್ನು ನೋಡಿ, "ಈ ಬೆಳಕು ಯಾರು ಮಾಡಿದ್ದು?" ಎಂದರು. ನಾನು ಕೋಟೆಯನ್ನು ತಿರುಗಿಸಿ ಹಿಂಬದಿ ತೋರಿಸಿದೆ.

"ಬೆಳಗ್ಗಿಂದ ಎಲ್ಲರ ಕೋಟೆಗೂ ಒಂದೇ ಸೂರ್ಯ ಬರ್ತಾ ಉಂಟು. ಅದಕ್ಕೆ ಕೇಳಿದ್ದು."

"ಸರ್ ಮಾಡಿದ್ದು."

"ಸರ್ ಮುಟ್ಟದ್ದು ಎಂತಾದ್ರೂ ಉಂಟಾ?"

ಇರಲಿಲ್ಲ. ವರ್ಷವಿಡೀ ಬೆನ್ನು ಬಗ್ಗಿಸಿ ಕೂತದ್ದಕ್ಕೆ, ಇದು ನನ್ನದು ಎಂದು ತೋರಿಸಲು ಒಂದು ಗೆರೆಯೂ ಉಳಿದಿರಲಿಲ್ಲ. ಇಲ್ಲ ಎಂದೆ.

"ನಿಮಗೆ ಸರಿಯಾಗಿ ಗೊತ್ತಿರುವ ಒಂದು ಅಂಗಡಿ ಮಾಡಿ. ಒಂದು ವಾರ ಕೊಡ್ತೇನೆ. ಮೊಬೈಲಲ್ಲಿ ಓಡುವಷ್ಟು ಹಗುರ ಇರಬೇಕು, ಆಯ್ತಾ?"

ಹಗುರ ಮಾಡುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಮುಚ್ಚಿದ ಪೀಪಾಯಿಯ ಒಳಗೂ ಮೊಳೆ ಹೊಡೆದು ಸೂಪರ್ ಅನ್ನಿಸಿಕೊಂಡವಳು ನಾನು. ಅಣ್ಣನ ಅಂಗಡಿಯನ್ನೇ ಮಾಡತೊಡಗಿದೆ. ಕಾಣದ್ದನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದೆ. ಕಳಿಸುವ ದಿನ ಸರ್ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಸ್ವಲ್ಪ ಟಚ್ ಕೊಡ್ತೇನೆ" ಎಂದರು. ಬೇಡ ಎಂದೆ.

"ಹೀಗೇ ಹೋದ್ರೆ ನಮ್ಮ ಇನ್‌ಸ್ಟಿಟ್ಯೂಟಿನ ಹೆಸರು ಎಂತ ಆಗ್ತದೆ? ನಿಮ್ಮ ಒಳ್ಳೆದಕ್ಕೇ ಹೇಳುವುದು."

ಅವರು ಕೆಟ್ಟವರಲ್ಲ. ಸಿಟ್ಟು ಬರುವುದೂ ಅದಕ್ಕೇ. ಅವರ ಕೈ ಮೌಸಿಗೆ ತಲುಪುವ ಮೊದಲೇ ಕಳಿಸಿಬಿಟ್ಟೆ.

"ಧೈರ್ಯ ಉಂಟು ಮಾರಾಯ್ತಿ ನಿಂಗೆ," ಎಂದ ಪ್ರಜ್ವಲ್. "ಇನ್ನು ಸರ್ ನಮಗೆಲ್ಲ ಡಬಲ್ ಟಚ್ ಕೊಡ್ತಾರೆ, ನೋಡ್ತಾ ಇರು."

ಶುಕ್ರವಾರ ವೀಣಾ ಅವರ ಉತ್ತರ ಬಂತು. ಚಿತ್ರದ ತುಂಬ ಕೆಂಪು ಗುರುತುಗಳು. ಬಾಗಿಲು ತೆರೆದರೆ ಬೋರ್ಡಿಗೆ ಬಡಿಯುತ್ತದೆ. ನೆರಳು ಎರಡು ದಿಕ್ಕಿಗೆ ಬಿದ್ದಿದೆ. ಕೊನೆಯ ಗುರುತು ಮಾಡಿನ ಮೇಲೆ. ಇಲ್ಲಿ ಮನೆಯ ಸೂರಿಗೆ ಮಾಡು ಎನ್ನುತ್ತಾರೆ. "ಗೋಡೆ ಬಿಸಿಲೂರಿನದ್ದು, ಮಾಡು ನಮ್ಮ ಮಳೆಗೆ ಹಂಚು ಹೊದ್ದು ಇಳಿಜಾರಾಗಿದೆ. ಈ ಅಂಗಡಿ ಯಾವ ಊರಿನದ್ದು? ನಿರ್ಧಾರ ಮಾಡಿ. ಸೋಮವಾರ ಮತ್ತೆ ಕಳಿಸಿ, ಆಮೇಲೆ ಮಾತಾಡುವ."

ಅಣ್ಣನ ಅಂಗಡಿಗಿರುವುದು ನಮ್ಮೂರ ಮಾಳಿಗೆ, ಸಪಾಟಾದ ಸೂರು. ನನ್ನ ಕೈ ಅದರ ಮೇಲೆ ಯಾವಾಗ ಹಂಚು ಹೊದಿಸಿತೋ ನನಗೇ ತಿಳಿದಿರಲಿಲ್ಲ.

ಸೋಮವಾರ ಮತ್ತೆ ಮಾಡಿ ಕಳಿಸಬೇಕೆಂದು ಫೋನಿನಲ್ಲಿ ಹೇಳಿದೆ. ಅಣ್ಣ ಕೇಳಿದ, "ಮತ್ತ ಮಾಡು ಅಂದ್ರ ಕೆಲಸ ಕೊಟ್ಟಂಗೇನು?"

"ಇಲ್ಲ."

"ಮತ್ತ ಯಾಕ ಹಿಗ್ಗಾಕತ್ತೀದಿ?"

"ತಪ್ಪು ತೋರಿಸ್ಯಾರ."

"ಅದನ್ನ ಇಲ್ಲೇ ತೋರಸ್ತಿದ್ವಲ್ಲವಾ, ಫೀಸಿಲ್ದ! ಆತು, ಸೋಮವಾರ ತನಕ ಕಾಯ್ತೀನಿ."

ಇಂದು ಭಾನುವಾರ. ಬಾಗಿಲು ಸರಿಹೋಯಿತು, ನೆರಳು ಒಂದೇ ಕಡೆ ಬಿತ್ತು. ಬೆಳಗ್ಗೆ ಹಂಚು ತೆಗೆದು ಮಾಳಿಗೆ ಹಾಕಿದೆ. ಅಂಗಡಿ ಬೋಳುಬೋಳಾಗಿ ಕಂಡಿತು. ಊಟದ ಮೇಲೆ ಮತ್ತೆ ಹಂಚು ಹೊದಿಸಿದೆ. ಅದರ ಕೆಳಗೆ ಅಣ್ಣ ಕೂತಿದ್ದಾನೆ ಎಂದು ಎಷ್ಟು ನೋಡಿದರೂ ಅನ್ನಿಸಲಿಲ್ಲ, ಅದನ್ನೂ ತೆಗೆದೆ. ಕೆಳಗಿನಿಂದ ಝೊಹರಾ ಆಂಟಿ ಚಹಾಕ್ಕೆ ಕರೆಯುತ್ತಿದ್ದಾರೆ. ಬಂದೆ ಎನ್ನುತ್ತ ಇನ್ನೂ ಕೂತೇ ಇದ್ದೇನೆ. ಪರದೆಯ ಮೇಲೆ ನಾಲ್ಕು ಗೋಡೆಗಳು ನಿಂತಿವೆ, ಮೇಲೆ ಏನೂ ಇಲ್ಲ.