ಹಾಲುಕೋಣೆಗೆ ಬಂದ ಮೂಗ

ನಾನು ಚಿಕ್ಕವಳಿದ್ದಾಗ ನಮ್ಮೂರು ಕೂಕಲ್ತೊರೈಯ ಮಕ್ಕಳಿಗೆಲ್ಲ ಮೂಗನ ಹುಚ್ಚು. ಮೂಗ ಎಂದರೆ ಫೋನಿನ ಆಟವೊಂದರ ಪ್ರಾಣಿ. ಹೆಸರು ನಾವೇ ಇಟ್ಟದ್ದು. ನಾವು ನಡೆದ ಹಾಗೆ ಆಟದ ನಕ್ಷೆಯೂ ಸರಿಯುತ್ತಿತ್ತು. ಚಹಾತೋಟದಲ್ಲೋ ಬಸ್‌ಸ್ಟಾಪಿನಲ್ಲೋ ಒಂದು ಪ್ರಾಣಿ ಎದ್ದು ನಿಲ್ಲುತ್ತಿತ್ತು, ಹತ್ತಿರ ಹೋಗಿ ಹಿಡಿಯಬೇಕು. ಮಿಕ್ಕವು ಕಿರುಚುತ್ತಿದ್ದವು, ಕುಣಿಯುತ್ತಿದ್ದವು. ಮೂಗನಿಗೆ ದನಿಯಿಲ್ಲ, ಕಣ್ಣಿಲ್ಲ. ಬೂದುಬಣ್ಣದ ಕಂಬಳಿ ಹೊದ್ದ ಮುದುಕನ ಹಾಗೆ ಸುಮ್ಮನೆ ನಿಂತಿರುತ್ತಿತ್ತು. ಬೇರೆ ಪ್ರಾಣಿಗಳ ಪುಟದಲ್ಲಿ ಅವುಗಳ ಊಟ, ಶಕ್ತಿ ಎಲ್ಲ ಬರೆದಿತ್ತು. ಇದರ ಪುಟ ಖಾಲಿ. ಅದಕ್ಕೇ ಎಲ್ಲರಿಗೂ ಅದೇ ಬೇಕು.

ನನಗೆ ಸಿಕ್ಕಿರಲಿಲ್ಲ. ಫೋನೂ ನನ್ನದಲ್ಲ, ಅಕ್ಕನದು. ಅವಳ ಮದುವೆಗೆ ಒಂದೇ ದಿನ ಉಳಿದಿತ್ತು. ಆಮೇಲೆ ಫೋನೂ ಅವಳ ಜೊತೆ ಗಂಡನ ಹಟ್ಟಿಗೆ ಹೋಗಿಬಿಡುತ್ತಿತ್ತು. ಮನೆ ತುಂಬ ಮದುವೆಯ ತಿಂಡಿ ತುಪ್ಪದಿಟ್ಟು ಕರಿಯುವ ವಾಸನೆ, ಬಾಗಿಲ ತನಕ ಮಂಜು. ಆ ಮಧ್ಯಾಹ್ನವೇ ಮೂಗ ಕಾಣಿಸಿಕೊಂಡಿತು. ಅದೂ ಎಲ್ಲಿ? ನಮ್ಮ ಮನೆಯ ಹಾಗೊಟ್ಟಿನಲ್ಲಿ.

ಹಾಗೊಟ್ಟು ಎಂದರೆ ಹಾಲಿಡುವ ಒಳಕೋಣೆ, ದೇವರ ಕೋಣೆಯಷ್ಟೇ ಮಡಿ. ಹೆಂಗಸರು ಹೆಣ್ಣುಮಕ್ಕಳು ಅದರ ಹೊಸ್ತಿಲು ದಾಟುವಂತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಕೈ ಎಷ್ಟು ಚಾಚಿದರೂ ಆಟ ‘ಇನ್ನೂ ಹತ್ತಿರ ಬಾ’ ಎನ್ನುತ್ತಿತ್ತು. ನನಗೆ ಉರಿದುಹೋಯಿತು. ಓಡಿಹೋಗಿ ಅಜ್ಜನನ್ನು, ನಮ್ಮ ಮಾತಿನಲ್ಲಿ ಹೆತ್ತಪ್ಪನನ್ನು, ಎಳೆದುಕೊಂಡು ಬಂದೆ.

“ಹೆತ್ತಪ್ಪ, ಇದ ಒಳಗೆ ಕೊಂಡುಹೋಗು. ಅದು ಕಂಡರೆ ಬೆರಳಲ್ಲಿ ಮೇಲೆ ತಳ್ಳು, ಸಾಕು.”

ಅವರು ಕೈಕಾಲು ತೊಳೆದು ಬಂದು, ಫೋನನ್ನೂ ಪಂಚೆಯ ಅಂಚಿನಲ್ಲಿ ಒರೆಸಿ, ಒಳಗೆ ಹೋದರು. ಹಾಲಿನ ಗಡಿಗೆಗಳ ಮುಂದೆ ಫೋನು ಹಿಡಿದು ಬಹಳ ಹೊತ್ತು ನೋಡಿದರು.

“ಕಂಡಿತಾ?”

“ಕಂಡಿತು. ಪಾಪ, ಕಣ್ಣೇ ಇಲ್ಲೆ.”

“ಹಿಡಿ! ಬೇಗ!”

“ಹಾಗೊಟ್ಟಿಗೆ ಬಂದದ ಹಿಡಿವದು ಇಲ್ಲೆ, ಕೂಸು. ನಂಬಿ ಬಂದಿದೆ.”

“ಅದು ನಿಜ ಅಲ್ಲ ಹೆತ್ತಪ್ಪ, ಆಟ!”

“ಆಟಕ್ಕೆ ಬಂದದಾದರೆ ನಿನ್ನ ಕೈಗೇ ಬಾರದಾ? ಇಲ್ಲಿ ಏಕೆ ಬಂತು?”

ನನ್ನ ಕಾಲು ಹೊಸ್ತಿಲಿನ ಈಚೆಗೇ ಅಂಟಿಕೊಂಡಿತ್ತು. ಅವರು ಒಂದು ಕೈಯಲ್ಲಿ ಫೋನು ಹಿಡಿದೇ ಇನ್ನೊಂದರಿಂದ ಬಟ್ಟಲಿಗೆ ಚೂರು ಹಾಲು ಬಗ್ಗಿಸಿ ಕೆಳಗಿಟ್ಟರು. ಹೊರಗೆ ಬಂದು ಫೋನು ಕೊಟ್ಟಾಗ ಪರದೆಯಲ್ಲಿ ಯಾವ ಪ್ರಾಣಿಯೂ ಇರಲಿಲ್ಲ.

ನಾನು ನೆಲದ ಮೇಲೆ ಕುಳಿತು ಗೊಳೋ ಎಂದು ಅತ್ತೆ. ಹಿಟ್ಟಿನ ಕೈಯಲ್ಲೇ ಅವ್ವ ಬಂದಳು, ಅತ್ತೆಯಂದಿರು ಬಂದರು. “ಅಕ್ಕ ಹೋಪಳು ಎಂದು ಕೂಸಿಗೆ ಸಂಕಟ” ಎಂದು ಒಬ್ಬರು ಅಂದದ್ದೇ ತಡ, ಅಕ್ಕ ನನ್ನನ್ನು ತಬ್ಬಿಕೊಂಡು ನನಗಿಂತ ಜೋರಾಗಿ ಅತ್ತಳು. ಅಲ್ಲವೆಂದು ಯಾವ ಬಾಯಿಂದ ಹೇಳಲಿ? ಅಳುತ್ತಳುತ್ತ ಅದೂ ನಿಜವಾಯಿತು.

ಮದುವೆಯ ನಂತರವೂ ಹೆತ್ತಪ್ಪ ಹಾಲು ತರಲು ಒಳಗೆ ಹೋದಾಗಲೆಲ್ಲ ನಾನು ಹೊಸ್ತಿಲಲ್ಲಿ ನಿಂತು “ಇದೆಯಾ?” ಎನ್ನುತ್ತಿದ್ದೆ. ಇದೆ ಎಂದು ಅವರು ತಲೆಯಾಡಿಸುತ್ತಿದ್ದರು. ನನಗೆ ಮೈಯೆಲ್ಲ ಸಿಟ್ಟು.

ಕೆಲವು ವರ್ಷಗಳಲ್ಲಿ ಆ ಆಟವನ್ನೇ ಮುಚ್ಚಿದರು. ಹಿಡಿದವರ ಮೂಗಗಳೂ ಅಳಿಸಿಹೋದವು. ಹೆತ್ತಪ್ಪ ತೀರಿಕೊಂಡರು, ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದೆವು. ಹಾಗೊಟ್ಟು ಇದ್ದ ಜಾಗದಲ್ಲಿ ಈಗ ಫ್ರಿಜ್ ಇದೆ. ಹಾಲಿನ ಪ್ಯಾಕೆಟ್ ತೆಗೆಯಲು ದಿನವೂ ನಾನೇ ಹೋಗುತ್ತೇನೆ. ಯಾರೂ ತಡೆಯುವುದಿಲ್ಲ, ಅದು ಒಳ್ಳೆಯದೇ. ಆದರೆ ಈ ಮನೆಯನ್ನು ನಂಬಿ ಏನಾದರೂ ಬಂದರೆ ಅದನ್ನು ಎಲ್ಲಿ ನಿಲ್ಲಿಸಿಕೊಳ್ಳಲಿ ಎಂದು ನನಗೆ ತಿಳಿಯುವುದಿಲ್ಲ.