ಕ್ಯಾಸೆಟ್ಟಿನೊಳಗಿನ ನೆರಳು

ಕಾಕಾನ ಮಗಳು ಶೈಲಾ ಈಗ ಫೋಟೊ ಕಲಾವಿದೆ. ನಮ್ಮ ಮನೆಯ ಹಳೆಯ ವಿಡಿಯೋ ಕ್ಯಾಸೆಟ್ ನೋಡಿ, ಅದರಲ್ಲಿನ ದೃಶ್ಯಗಳನ್ನು ಬೇರೆಯವರಿಗೆ ವೇಷ ಹಾಕಿಸಿ ಫೋಟೊದಲ್ಲಿ ಮತ್ತೆ ಕಟ್ಟುತ್ತಿದ್ದಾಳೆ. ಇವತ್ತು ಒಂದು ಫೋಟೊ ಕಳಿಸಿದಳು. ಇಳಕಲ್ ಸೀರೆಯ ಹೆಂಗಸೊಬ್ಬಳು ಪುಟ್ಟ ಹುಡುಗಿಗೆ ತುತ್ತು ಉಣಿಸುತ್ತಿದ್ದಾಳೆ. ನೋಡಿದೊಡನೆ ಬದನೆಕಾಯಿ ಎಣಗಾಯಿಯ ಘಮ ಮೂಗಿಗೆ ಬಡಿಯಿತು.

ಆ ಕ್ಯಾಸೆಟ್ ತೆಗೆದ ದಿನ ಎಳ್ಳ ಅಮಾವಾಸ್ಯೆ, ನಾವಿನ್ನೂ ಚಿಕ್ಕವರು. ತಂಗಡಗಿಯ ನಮ್ಮ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಣ್ಣಲು ಕೂತಿದ್ದೆವು. ಬಂದವರ ಮಕ್ಕಳಿಗೆ ಮೊದಲು ಎನ್ನುವುದು ಅವ್ವನ ರೂಢಿ. ಸಜ್ಜೆ ರೊಟ್ಟಿಯಲ್ಲಿ ಎಣಗಾಯಿ ಸುತ್ತಿ, ಬಾಗೇವಾಡಿಯಿಂದ ಬಂದಿದ್ದ ಶೈಲಾಳ ಬಾಯಿಗಿಟ್ಟಳು. ಕ್ಯಾಮೆರಾ ಹಿಡಿದಿದ್ದ ಕಾಕಾ, "ವೈನಿ, ಇನ್ನೊಮ್ಮೆ ಉಣಸ್ರಿ, ಚಂದ ಬರ್ಲಿಲ್ಲ," ಎಂದ. ಹಾಗೆ ಮೂರು ಸಲ ಉಣಿಸಿದಳು. ನಾನೂ ಬಾಯಿ ತೆರೆದು ಮುಂದೆ ಹೋದರೆ, "ಏ, ಅತ್ತಾಗ ಸರಿ, ನಿನ್ನ ನೆರಳ ಬೀಳಾಕತ್ತೈತಿ," ಎಂದು ಗದರಿದ. ನನ್ನ ಅವ್ವ, ನನಗೇ ತುತ್ತಿಲ್ಲ!

ಹೋದ ತಿಂಗಳು ಶೈಲಾ ಫೋನ್ ಮಾಡಿದ್ದಳು. "ಅಕ್ಕಾ, ಕ್ಯಾಸೆಟ್ಟಿನಾಗ ದೊಡ್ಡವ್ವನ ಕಾಲ ಹತ್ರ ಒಂದು ನೆರಳ ಐತಲ್ಲ, ಯಾರದು ಅದು?"

ಹೇಳಬಹುದಿತ್ತು. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. "ಯಾವುದರೆ ಜಾಲಿಗಿಡದ್ದಿರಬೇಕು, ಬಿಡು," ಎಂದೆ.

ಶೈಲಾ ಕೆಲಸದಲ್ಲಿ ಬಲು ಅಚ್ಚುಕಟ್ಟು. ಈಗ ಫೋಟೊ ಹಿಗ್ಗಿಸಿ ನೋಡುತ್ತಿದ್ದೇನೆ. ಅವ್ವನ ವೇಷದವಳ ಕಾಲ ಬಳಿ, ನನ್ನ ನೆರಳು ಬಿದ್ದಿದ್ದ ಜಾಗದಲ್ಲೇ, ಮುಳ್ಳುಮುಳ್ಳಾಗಿ ಜಾಲಿಯ ನೆರಳು ಬಿದ್ದಿದೆ.