ಸಬ್ಬಸಿಗೆ ತಿನ್ನಿಸಿದ ಅವ್ವ

ಮಗಳು ಹುಟ್ಟಿದ್ದು ಶಿಕಾರಿಪುರದ ಆಸ್ಪತ್ರೆಯಲ್ಲಿ. ಚೊಚ್ಚಲ ಹೆರಿಗೆ ತವರಿನದೆಂದು ಗಂಡನ ಊರು ಹೊಸಬಾಳೆಯಿಂದ ಬಂದಿದ್ದೆ. ಅಮ್ಮ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ತವರೆಂದರೆ ಅಪ್ಪ ಒಬ್ಬರೇ. ಹೆಂಗಸರ ವಾರ್ಡಿನೊಳಗೆ ಬರಲು ಸಂಕೋಚಪಟ್ಟು, ಹೋಟೆಲಿನ ಇಡ್ಲಿ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದರು.

ನನಗೆ ಹಾಲು ಸಾಲುತ್ತಿರಲಿಲ್ಲ. ಮಗು ಚೀಪಿ ಚೀಪಿ ಸಿಟ್ಟಿಗೆದ್ದು ಅಳುತ್ತಿತ್ತು. ಪಕ್ಕದ ಮಂಚದ ಬಾಣಂತಿಯ ತಾಯಿ ಅದನ್ನು ನೋಡುತ್ತಲೇ ಇದ್ದರು. ಮರುದಿನ ಅವರು ಬುತ್ತಿ ಬಿಚ್ಚಿದಾಗ ಫಿನಾಯಿಲ್ ವಾಸನೆಯನ್ನೂ ಮೀರಿ ಸಬ್ಬಸಿಗೆಯ ಘಾಟು ಎದ್ದಿತು. ಹೆಸರುಬೇಳೆ ಹಾಕಿದ ಪಲ್ಯ, ಮೆತ್ತಗಿನ ಜೋಳದ ರೊಟ್ಟಿ. ಮಗಳಿಗೆ ಬಡಿಸಿದಷ್ಟನ್ನೇ ನನ್ನ ಮುಂದೂ ಇಟ್ಟರು.

“ತಿನ್ನವ್ವ, ಹಾಲು ಇಳೀತಾವೆ.”

“ನಿಮ್ಮ ಮಗಳಿಗೆ ಕಡಿಮೆ ಆಗುತ್ತಲ್ರೀ.”

“ಇಬ್ರಿಗೂ ಅಂತ್ಲೇ ಮಾಡೀನಿ. ನಿಮ್ಮವ್ವ ಇದ್ದಿದ್ರೆ ತರ್ತಿರ್ಲಿಲ್ಲೇನು? ಸುಮ್ನೆ ತಿನ್ನು.”

ಚಿಕ್ಕವಳಿದ್ದಾಗ ವಡೆಯೊಳಗಿನ ಸಬ್ಬಸಿಗೆಯನ್ನು ಹೆಕ್ಕಿ ಎಸೆಯುತ್ತಿದ್ದವಳು ನಾನು. ಅವತ್ತು ಅಳುತ್ತಲೇ ಎಲ್ಲವನ್ನೂ ತಿಂದೆ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ತಿಂದೆ. ಹಾಲು ಬಂತು. ಸೊಪ್ಪಿನಿಂದಲೋ, ಅವರು ಬೆನ್ನು ಸವರುತ್ತ ಕೂರುತ್ತಿದ್ದುದರಿಂದಲೋ, ನನಗೆ ಗೊತ್ತಿಲ್ಲ. ಹೊರಡುವಾಗ ತಮ್ಮ ಊರಿನ ಗುರುತು ಹೇಳಿ, ಒಂದು ಹಿಡಿ ಬೀಜ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು.

“ಮಳಿ ನಿಂತ ಮ್ಯಾಲೆ ಹಾಕು. ನಿಮ್ ಕಡೆ ನೀರು ನಿಂತ್ರೆ ಕೊಳೀತಾವೆ.”

ಹಾಗೇ ಮಾಡಿದೆ. ಎಳೆಯದನ್ನು ಅಡುಗೆಗೆ ಕಿತ್ತು, ಬೀಜಕ್ಕೆಂದು ಬಿಟ್ಟ ಗಿಡಗಳು ಎದೆಮಟ್ಟ ಬೆಳೆದು, ಹಳದಿ ಕೊಡೆ ಬಿಚ್ಚಿದಂತೆ ಹೂ ಬಿಟ್ಟವು. “ಈ ವಾಸ್ನೆ ಹೆಂಗೆ ತಿಂತೀಯೆ ಮಾರಾಯ್ತಿ!” ಎನ್ನುತ್ತಿದ್ದ ಅತ್ತೆ ಆಮೇಲೆ ತಾವೇ ಅಕ್ಕಿರೊಟ್ಟಿಗೆ ಹೆಚ್ಚಿ ಹಾಕತೊಡಗಿದರು. ನಾನು ಪ್ರತಿ ಚಳಿಗಾಲ ಬಿತ್ತುತ್ತ, ಮನಸ್ಸಿನಲ್ಲೇ ಆಕೆಯನ್ನು ಅವ್ವ ಎಂದು ಕರೆಯುತ್ತ ಇದ್ದುಬಿಟ್ಟೆ. ಹೋಗಿ ನೋಡುವುದು ಮಾತ್ರ ಮುಂದೆ ಮುಂದೆ ಹೋಯಿತು.

ಹೋದ ವರ್ಷ ಹೈಸ್ಕೂಲಿಗೆ ಹೋಗುವ ಮಗಳನ್ನು ಕರೆದುಕೊಂಡು, ಶಿಕಾರಿಪುರದ ಆಚೆಗಿನ ಅವರ ಊರಿಗೆ ಹೋದೆ. ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ತುಂಬ ಇಳಿದುಹೋಗಿದ್ದರು.

“ಯಾರವ್ವ ನೀನು?”

ಆಸ್ಪತ್ರೆ, ಪಕ್ಕದ ಮಂಚ, ರೊಟ್ಟಿ, ಪಲ್ಯ ಎಲ್ಲ ಹೇಳಿದೆ. ಹೇಳುವಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದರು.

“ನೆನಪಾಗವಲ್ದು ತಾಯಿ. ಪಕ್ಕದಾಗಿದ್ದೋರಿಗೆ ಕೊಟ್ಟಿರ್ತೀನಿ ಬಿಡು. ಕೊಡದೆ ತಿನ್ನಾಕೆ ಆಗುತ್ತೇನು?”

ನಕ್ಕರು. ನನಗೂ ನಗಬೇಕೆನ್ನಿಸಿತು, ಆಗಲಿಲ್ಲ. ಅವರು ಮಗಳ ಕೆನ್ನೆ ಸವರಿ, “ಚಲೋ ಬೆಳದಾಳೆ” ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು: “ಅವ್ರಿಗೆ ನಿನ್ನ ನೆನಪೇ ಇಲ್ಲ ಅಲ್ವಾ ಅಮ್ಮ?”

“ಇಲ್ಲ” ಎಂದೆ.

ಈ ವರ್ಷವೂ ಹೋಗಬೇಕು ಅನ್ನಿಸುತ್ತಿದೆ. ಯಾರವ್ವ ನೀನು ಎಂದು ಕೇಳಿದರೆ ಮೊದಲಿನಿಂದ ಹೇಳುತ್ತೇನೆ. ಕೇಳುವಷ್ಟು ಹೊತ್ತಾದರೂ ನನ್ನ ಮುಖ ನೋಡುತ್ತಾರಲ್ಲ.